ತಂದೆಗೂ ಪಾಲಿರುವ ಹೊಣೆ

ಎಚ್.ಐ.ವಿ. ಸೋಂಕು ಶಿಶುವಿಗೆ ದಾಟದಂತೆ ತಡೆಯುವ ಕಾರ್ಯವನ್ನು ಭಾರತ ಸರಕಾರವು 2002ರಲ್ಲಿ ಕೈಕೊಂಡಿತು. ಅನ್ಯ ದೇಶಗಳಲ್ಲಿ ‘ತಾಯಿಯಿಂದ ಮಗುವಿಗೆ’ ಎಂಬ ಮಾತು ರೂಢವಾಗಿದ್ದರೂ ನಮ್ಮಲ್ಲಿ ಇದನ್ನು ‘ಪೋಷಕರಿಂದ ಮಗುವಿಗೆ’ ಎಂದೇ ಕರೆಯಲಾಯಿತು. ಈ ಒಂದು ಶಬ್ದದ ವ್ಯತ್ಯಾಸದಲ್ಲಿ ದೊಡ್ಡದೊಂದು ನ್ಯಾಯವು ಅಡಗಿದೆ. ಆದರೆ ಹೆಸರಿನಲ್ಲಿ ತಂದೆಗೆ ದೊರೆತ ಸ್ಥಾನವು ಆಸ್ಪತ್ರೆಯಲ್ಲಿ ದೊರೆತಿದೆಯೇ? ತಾಯಿ ಕಾರ್ಡು ಗರ್ಭಿಣಿಯ ಕೈಗೆ. ರಕ್ತಪರೀಕ್ಷೆ ಅವಳಿಗೆ, ಉಪದೇಶ ಅವಳಿಗೆ, ಕಡೆಗೆ ಅಪವಾದವೂ ಅವಳಿಗೆ. ಗಂಡನಾದವನು ಬಹುಧಾ ಬಾಗಿಲ ಹೊರಗೇ ನಿಲ್ಲುತ್ತಾನೆ.

ವೈದ್ಯಶಾಸ್ತ್ರವು ತನ್ನ ಪಾಲಿನ ಕಾರ್ಯವನ್ನು ನೆರವೇರಿಸಿದೆ. ಯಾವ ಉಪಚಾರವೂ ಇಲ್ಲದಿದ್ದಲ್ಲಿ ಸೋಂಕುಳ್ಳ ತಾಯಂದಿರ ನೂರು ಶಿಶುಗಳಲ್ಲಿ 15ರಿಂದ 45ಕ್ಕೆ ಸೋಂಕು ತಗಲಬಹುದು. ಗರ್ಭಕಾಲದಿಂದ ಮೊಲೆ ಬಿಡಿಸುವವರೆಗೆ ಔಷಧವು ತಪ್ಪದೆ ನಡೆದರೆ ಈ ಸಂಖ್ಯೆಯು 5ಕ್ಕಿಂತ ಕೆಳಗಿಳಿಯುತ್ತದೆ. ಸೋಂಕುಳ್ಳ ಗರ್ಭಿಣಿಯರೆಲ್ಲರಿಗೂ ಆಜೀವ ಔಷಧ ಕೊಡುವ ಪದ್ಧತಿಯು 2014ರಿಂದ ನಮ್ಮಲ್ಲಿ ಜಾರಿಯಲ್ಲಿದೆ. ಈ ಬಗೆಯ ಸೋಂಕನ್ನು ತೊಡೆದುಹಾಕಿದ ಮೊದಲ ದೇಶವೆಂದು ಕ್ಯೂಬಾ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಮರುವರ್ಷ ಥೈಲೆಂಡೂ ಆ ಪಂಕ್ತಿಗೆ ಸೇರಿತು. ಹೀಗಿರಲು ನಮ್ಮಲ್ಲಿ ಇನ್ನೂ ಒಂದು ಶಿಶುವಾದರೂ ಈ ಸೋಂಕಿನೊಡನೆ ಏಕೆ ಹುಟ್ಟಬೇಕು?

ತಾಯಿಯೊಬ್ಬಳನ್ನೇ ಪರೀಕ್ಷಿಸಿದರೆ ಅರ್ಧ ಕೆಲಸವಾಯಿತೆಂದಷ್ಟೇ ಅರ್ಥ. ಮೊದಲ ತಿಂಗಳುಗಳ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ತಿಳಿದ ಮಾತ್ರಕ್ಕೆ ಅವಳು ನಿರ್ಭಯಳಲ್ಲ. ಗಂಡನಲ್ಲಿ ಸೋಂಕಿದ್ದು ಅದು ಅವನಿಗೇ ತಿಳಿಯದಿದ್ದರೆ, ಬಸಿರಿನಲ್ಲೋ ಹಾಲೂಡಿಸುವ ಕಾಲದಲ್ಲೋ ಅದು ಅವಳಿಗೆ ದಾಟಬಹುದು. ಹೊಸದಾಗಿ ತಗಲಿದಾಗ ರಕ್ತದಲ್ಲಿ ವಿಷಾಣುಗಳು ಹೇರಳವಾಗಿರುವುದರಿಂದ ಶಿಶುವಿಗೆ ಅಪಾಯವು ಅತ್ಯಧಿಕ. ಅದೇ ಗಂಡನು ಸಕಾಲದಲ್ಲಿ ಪರೀಕ್ಷೆಗೊಳಗಾಗಿ, ಔಷಧ ಸೇವಿಸಿ, ವಿಷಾಣುಗಳು ಕಾಣದಷ್ಟು ಅಡಗಿದರೆ ಅವನ ಸಂಗದಿಂದ ಸೋಂಕು ದಾಟುವುದಿಲ್ಲ.

ಇನ್ನು ಸೋಂಕುಳ್ಳ ತಾಯಿಯ ಪಾಡೇನು? ಗಂಡನಿಗೆ ಹೇಳಲು ಹೆದರಿ ಗುಳಿಗೆಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡುವವಳು ದಿನವೂ ಅದನ್ನು ನುಂಗುವಳೆಂಬ ಭರವಸೆಯೆಲ್ಲಿ? ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವುದು ನಮ್ಮ ಸಂಪ್ರದಾಯ. ಊರು ಬದಲಾದಾಗ ಔಷಧ ಕೊಡುವ ಕೇಂದ್ರವೂ ಬದಲಾಗುತ್ತದೆ. ಅಲ್ಲಿಯೂ ಗುಟ್ಟನ್ನು ಕಾಯಬೇಕು. ಹುಟ್ಟಿದ ಮಗುವಿಗೆ ವಾರಗಟ್ಟಲೆ ಔಷಧ ಕುಡಿಸಬೇಕು, ಆರನೆಯ ವಾರದಲ್ಲಿ ಪರೀಕ್ಷೆ ಮಾಡಿಸಬೇಕು, 18 ತಿಂಗಳಾದಾಗ ಮತ್ತೊಮ್ಮೆ ತೋರಿಸಬೇಕು. ಇಷ್ಟೆಲ್ಲವನ್ನೂ ಒಬ್ಬಂಟಿಯಾಗಿ, ಯಾರಿಗೂ ತಿಳಿಯದಂತೆ ನಿರ್ವಹಿಸೆಂದು ಬಾಣಂತಿಗೆ ವಿಧಿಸುವುದು ಯಾವ ನ್ಯಾಯ?

ಹಾಗೆಂದು ಬಲಾತ್ಕಾರವನ್ನು ನಾವು ಪ್ರತಿಪಾದಿಸುತ್ತಿಲ್ಲ. 2017ರಲ್ಲಿ ಅಂಗೀಕೃತವಾಗಿ 2018ರಲ್ಲಿ ಜಾರಿಗೆ ಬಂದ ಎಚ್.ಐ.ವಿ. ಕಾನೂನು ಸಮ್ಮತಿಯಿಲ್ಲದ ಪರೀಕ್ಷೆಯನ್ನು ನಿಷೇಧಿಸುತ್ತದೆ. ಸುದ್ದಿ ತಿಳಿದರೆ ಗಂಡನು ಹೊಡೆದಾನು, ಮನೆಯಿಂದ ಹೊರಗಟ್ಟಿಯಾನು ಎಂಬ ಶಂಕೆಯಿರುವಲ್ಲಿ ವೈದ್ಯರು ಅವನಿಗೆ ಅದನ್ನು ಹೇಳಕೂಡದೆಂದೂ ವಿಧಿಸುತ್ತದೆ. ಈ ರಕ್ಷಣೆಯು ಅಚಲವಾಗಿರಲಿ. ಗಂಡನನ್ನು ಕರೆಯುವುದೂ ಬಿಡುವುದೂ ಹೆಂಡತಿಯ ಇಚ್ಛೆಗೆ ಸೇರಿದ್ದು.

ಆದರೆ ಬರಲು ಸಿದ್ಧನಿರುವ ಗಂಡನಿಗೆ ದಾರಿಯಾದರೂ ಇರಬೇಕಷ್ಟೆ. ಕೂಲಿಯವನು ಹಗಲು ಆಸ್ಪತ್ರೆಗೆ ಬಂದರೆ ಅಂದಿನ ಕೂಲಿ ತಪ್ಪುತ್ತದೆ. ಸಂಜೆಯಲ್ಲೋ ಭಾನುವಾರವೋ ಪರೀಕ್ಷೆಯ ಅನುಕೂಲವೇಕಿರಬಾರದು? ರುವಾಂಡದಂಥ ಬಡರಾಷ್ಟ್ರದಲ್ಲಿ ದಂಪತಿಗಳು ಜೊತೆಯಾಗಿ ಬಂದು ಪರೀಕ್ಷೆ ಮಾಡಿಸಿಕೊಳ್ಳುವುದು ರೂಢಿಗೆ ಬಂದಿರುವಾಗ ನಮಗೆ ಅಸಾಧ್ಯವೆಂದರೆ ನಂಬುವವರಾರು? ದಂಪತಿಗಳ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2012ರಲ್ಲಿಯೇ ಸೂಚಿಸಿದೆ.

ಮಗುವಿನ ಹೆಸರಿನೊಡನೆ ತಂದೆಯ ಹೆಸರಿನ ಅಕ್ಷರವನ್ನು ಸೇರಿಸಿ ಬರೆಯುವ ಸಮಾಜ ನಮ್ಮದು. ಆ ಗೌರವವನ್ನು ಪಡೆಯುವವನು, ಮಗು ಹುಟ್ಟುವ ಮುನ್ನ ಒಂದು ಹನಿ ರಕ್ತವನ್ನು ಪರೀಕ್ಷೆಗೆ ಕೊಡಲೆಂದು ಕೇಳುವುದು ಅತಿಯಾದ ಬೇಡಿಕೆಯೇನೂ ಅಲ್ಲ.