ಚಿತ್ರದ ಸುತ್ತಲಿನ ಬಣ್ಣ

ನಮ್ಮ ದೊಡ್ಡಮ್ಮ ತೀರಿಕೊಂಡಾಗ ವೈಕುಂಠ ಸಮಾರಾಧನೆಯ ದಿನ ಇರಿಸಲು ಒಂದು ಭಾವಚಿತ್ರ ಬೇಕಾಯಿತು. ಮದುವೆಯೊಂದರಲ್ಲಿ ಮೊಬೈಲಿನಿಂದ ತೆಗೆದ ಚಿತ್ರವೊಂದು ನಮ್ಮಲ್ಲಿತ್ತು. ಗಿಂಡಿಯ ಮನೆಯಲ್ಲಿ ರಾತ್ರಿ ದೀಪವಾರಿಸಿ ಕುಳಿತು, ಕಪ್ಪು ಹಿನ್ನೆಲೆಯ ಆ್ಯಪ್ ಒಂದರಲ್ಲಿ ಅದನ್ನು ತಿದ್ದಿದೆವು. ಪರದೆಯ ಮೇಲೆ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ಮರುದಿನ ಬಿಳಿ ಅಂಚಿನ ಕಾಗದದಲ್ಲಿ ಅಚ್ಚಾಗಿ ಬಂದಾಗ, ದೊಡ್ಡಮ್ಮನ ಎಣ್ಣೆಗಪ್ಪು ಮುಖದಲ್ಲಿ ಕಣ್ಣಂಚಿನ ಗೆರೆಗಳು, ಕೆನ್ನೆಯ ಇಳಿಜಾರು ಎಲ್ಲವೂ ಒಂದೇ ಮಸಿಯಲ್ಲಿ ಮುಳುಗಿದ್ದವು. ಗಾಬರಿಯಿಂದ ಆ್ಯಪ್‌ನ ಹಿನ್ನೆಲೆಯನ್ನು ಬಿಳಿಯಾಗಿಸಿ, ಮುಖವನ್ನು ಧಾರಾಳವಾಗಿ ತಿಳಿಗೊಳಿಸಿ ಮತ್ತೊಮ್ಮೆ ಅಚ್ಚು ಹಾಕಿಸಿದೆವು. ಅದನ್ನು ನೋಡಿದ ಅಮ್ಮ, "ನಮ್ಮಕ್ಕ ಯಾವತ್ತು ಇಷ್ಟು ಬೆಳ್ಳಗಿದ್ದಳು? ಇದು ಯಾರದೋ ಫೋಟೋ ಇದ್ದ ಹಾಗಿದೆ" ಎಂದರು.

ಎರಡು ಸಲವೂ ತಪ್ಪು ನಮ್ಮದೇ. ಆದರೆ ಎರಡು ಸಲವೂ ನಾವು ಕಣ್ಣಿಗೆ ಕಂಡದ್ದನ್ನು ನಂಬಿಯೇ ತಿದ್ದಿದ್ದೆವು. ಕಣ್ಣು ಚಿತ್ರವನ್ನಷ್ಟೇ ನೋಡುತ್ತದೆಂದು ಭಾವಿಸಿದ್ದೇ ನಮ್ಮ ಮೂಲ ದೋಷ. ಅದು ಚಿತ್ರದ ಸುತ್ತಲಿನ ಬಣ್ಣವನ್ನೂ ಜೊತೆಯಲ್ಲೇ ನೋಡಿ, ಒಂದರಿಂದ ಇನ್ನೊಂದನ್ನು ಅಳೆಯುತ್ತದೆ.

ನಮ್ಮ ಹೆಂಗಸರಿಗೆ ಇದು ಹೊಸ ಮಾತಲ್ಲ. ಸೀರೆ ಕೊಳ್ಳುವಾಗ ಅಂಚನ್ನು ಬೇರೆ ಬಣ್ಣದ ಒಡಲಿನ ಪಕ್ಕದಲ್ಲಿಟ್ಟು ನೋಡುವುದು, ಅಂಗಡಿಯ ದೀಪವನ್ನು ನಂಬದೆ ಬಾಗಿಲಾಚೆ ಬೆಳಕಿಗೆ ಹಿಡಿಯುವುದು ಅವರ ರೂಢಿ. ಸಗಣಿ ಸಾರಿಸಿದ ಅಂಗಳದಲ್ಲಿ ಎದ್ದು ಕಾಣುವ ರಂಗೋಲಿ ಸಿಮೆಂಟಿನ ಮೇಲೆ ಪೇಲವವಾಗುವುದನ್ನೂ ಅವರು ಬಲ್ಲರು. ಇದನ್ನೇ ಶಾಸ್ತ್ರವಾಗಿ ಬರೆದವನು ಫ್ರಾನ್ಸಿನ ರಸಾಯನವಿಜ್ಞಾನಿ ಶೆವ್ರೋಲ್. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಅವನ ಬಳಿಗೆ, ಕಪ್ಪು ನೂಲಿಗೆ ಸಾಕಷ್ಟು ಗಾಢತೆಯಿಲ್ಲವೆಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ದೋಷವಿದ್ದದ್ದು ಬಣ್ಣದಲ್ಲಲ್ಲ, ಅದರ ಪಕ್ಕದಲ್ಲಿ ನೇಯ್ದಿದ್ದ ಬೇರೆ ಬಣ್ಣಗಳ ಪ್ರಭಾವದಲ್ಲಿ ಎಂದು ಅವನು ಕಂಡುಕೊಂಡ. ಈ ಪರಸ್ಪರ ಪ್ರಭಾವದ ನಿಯಮವನ್ನು ವಿವರಿಸುವ ಅವನ ಗ್ರಂಥ 1839ರಲ್ಲಿ ಪ್ರಕಟವಾಯಿತು. ಬಳಿಕ 1967ರಲ್ಲಿ ಕೊಡಾಕ್ ಸಂಸ್ಥೆಯ ಬಾರ್ಟಲ್ಸನ್ ಮತ್ತು ಬ್ರೆನಮನ್ ಎಂಬ ಸಂಶೋಧಕರು ಛಾಯಾಚಿತ್ರಗಳ ಬಗೆಗೇ ಇನ್ನೊಂದು ಮಾತನ್ನು ತೋರಿಸಿಕೊಟ್ಟರು: ಸುತ್ತಲ ಆವರಣ ಕತ್ತಲಾದಷ್ಟೂ ಚಿತ್ರದ ಕಾಂಟ್ರಾಸ್ಟ್ ಕಡಿಮೆಯಾದಂತೆ ಕಾಣುತ್ತದೆ. ಕತ್ತಲ ಆವರಣದಲ್ಲಿ ಚಿತ್ರದ ಕಪ್ಪು ಭಾಗಗಳು ತಿಳಿಯಾಗಿ ತೋರುವುದೇ ಇದಕ್ಕೆ ಕಾರಣ. ಕತ್ತಲ ಚಿತ್ರಮಂದಿರದಲ್ಲಿ ತೋರಿಸುವ ಚಲನಚಿತ್ರಕ್ಕೆ ಕಾಗದದ ಚಿತ್ರಕ್ಕಿಂತ ಹೆಚ್ಚು ಕಾಂಟ್ರಾಸ್ಟ್ ಕೊಡುವ ಪದ್ಧತಿ ಬಂದದ್ದೂ ಇದರಿಂದಲೇ.

ಈಗ ನಮ್ಮ ಎರಡು ತಪ್ಪುಗಳೂ ಅರ್ಥವಾಗುತ್ತವೆ. ಕಪ್ಪು ಹಿನ್ನೆಲೆಯಲ್ಲಿ ನೆರಳಿನ ಭಾಗಗಳು ತಿಳಿಯಾಗಿ ಕಂಡದ್ದರಿಂದ ನಾವು ಅವನ್ನು ಇನ್ನಷ್ಟು ಗಾಢಗೊಳಿಸಿದೆವು. ಬಿಳಿ ಹಿನ್ನೆಲೆಯಲ್ಲಿ ಅದೇ ಮುಖ ಅಗತ್ಯಕ್ಕಿಂತ ಕಪ್ಪಾಗಿ ಕಂಡದ್ದರಿಂದ ಬೆಳಗಿಸಿದೆವು. ಕತ್ತಲಲ್ಲಿ ಪರದೆಯ ಹೊಳಪು ಕಣ್ಣನ್ನು ಇನ್ನಷ್ಟು ದಾರಿ ತಪ್ಪಿಸಿತ್ತೆಂಬುದೂ ನಿಜ.

ಸಂಶಯವುಳಿಯದಿರಲೆಂದು ನಾವು ಇನ್ನೊಂದು ಚಿತ್ರವನ್ನು ಪರೀಕ್ಷೆಗೆ ಒಡ್ಡಿದೆವು. ನಮ್ಮ ನೆರೆಯ ಗಿಂಡಿ ರಾಷ್ಟ್ರೀಯ ಉದ್ಯಾನ ಎರಡೂಮುಕ್ಕಾಲು ಚದರ ಕಿಲೋಮೀಟರಿನಷ್ಟೇ ಇದ್ದರೂ, ಮಹಾನಗರದ ನಡುವೆ ಕೃಷ್ಣಮೃಗಗಳನ್ನು ಉಳಿಸಿಕೊಂಡಿದೆ. ಬೆಳೆದ ಗಂಡಿನ ಬೆನ್ನು ಕಡುಗಪ್ಪು, ಹೊಟ್ಟೆ ಅಚ್ಚಬಿಳಿ. ಅಂಥ ಒಂದು ಗಂಡಿನ ಚಿತ್ರವನ್ನು ಕಪ್ಪು, ಬಿಳಿ, ಬೂದು ಮೂರು ಹಿನ್ನೆಲೆಗಳಲ್ಲಿ ಇಟ್ಟು ನೋಡಿದೆವು. ಕಪ್ಪಿನ ಮೇಲೆ ಬೆನ್ನಿನ ರೋಮಗಳು ಬಿಡಿಬಿಡಿಯಾಗಿ ಕಂಡವು. ಬಿಳಿಯ ಮೇಲೆ ಅದೇ ಬೆನ್ನು ಕಪ್ಪು ಮುದ್ದೆಯಾಯಿತು. ಬೂದಿಯ ಮೇಲೆ ಕಂಡದ್ದು ಇವೆರಡರ ನಡುವಿನದು, ಅಚ್ಚಾದ ಚಿತ್ರಕ್ಕೆ ತೀರ ಹತ್ತಿರದ್ದು. ಚಿತ್ರದ ಒಂದು ಚುಕ್ಕೆಯನ್ನೂ ನಾವು ಬದಲಿಸಿರಲಿಲ್ಲ.

ಹಾಗಿದ್ದರೂ ಮೊಬೈಲಿನ ಚಿತ್ರ ತಿದ್ದುವ ಆ್ಯಪ್‌ಗಳಲ್ಲಿ ಹೆಚ್ಚಿನವು ಕಪ್ಪನ್ನೇ ಏಕೆ ಉಟ್ಟಿವೆ? ಫೋಟೋಶಾಪ್ 2012ರ ಆವೃತ್ತಿಯಲ್ಲಿ ಗಾಢ ಹೊದಿಕೆಗೆ ತಿರುಗಿತು. 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಒಎಸ್ 13 ಇಡೀ ಫೋನನ್ನೇ ಕಪ್ಪಾಗಿಸುವ ಸೌಲಭ್ಯ ತಂದವು. ಓಎಲ್ಇಡಿ ಪರದೆಯಲ್ಲಿ ಕಪ್ಪು ಚುಕ್ಕೆ ಬೆಳಗುವುದೇ ಇಲ್ಲವಾದ್ದರಿಂದ ಬ್ಯಾಟರಿ ಉಳಿಯುತ್ತದೆ. ರಾತ್ರಿ ಕಣ್ಣಿಗೂ ಹಿತ. ಇವೆಲ್ಲ ನ್ಯಾಯವಾದ ಕಾರಣಗಳೇ. ಚಿತ್ರವನ್ನು ಕೊನೆಗೂ ಕಪ್ಪು ಪರದೆಯಲ್ಲೇ ನೋಡುವುದಾದರೆ ಕಪ್ಪು ಹಿನ್ನೆಲೆಯಲ್ಲಿ ತಿದ್ದುವುದರಲ್ಲಿ ತಪ್ಪೂ ಇಲ್ಲ. ಆದರೆ ಓದುವ ಸುಖಕ್ಕೆ, ಬ್ಯಾಟರಿಯ ಉಳಿತಾಯಕ್ಕೆ ಆರಿಸಿದ ಬಣ್ಣ ನಮ್ಮವರ ಮುಖದ ಬಣ್ಣವನ್ನು ನಿರ್ಧರಿಸುವುದು ಸರಿಯಲ್ಲ.

ಅಚ್ಚಿನ ಲೋಕದಲ್ಲಿ ಈ ವಿವೇಕ ಹಳೆಯದು. ಬಣ್ಣದ ಮುದ್ರಣ ಹಾಗೂ ಛಾಯಾಚಿತ್ರಗಳನ್ನು ಪರಿಶೀಲಿಸುವ ಬೆಳಕನ್ನು ಗೊತ್ತುಪಡಿಸುವ ಐಎಸ್‌ಒ 3664 ಎಂಬ ಅಂತರರಾಷ್ಟ್ರೀಯ ಮಾನಕವು, ಸುತ್ತಲಿನ ಆವರಣ ಯಾವ ಬಣ್ಣದ ಕಡೆಗೂ ವಾಲದೆ, ಹೊಳಪಿಲ್ಲದೆ ಇರಬೇಕೆಂದು ಹೇಳುತ್ತದೆ. ಕಂಪ್ಯೂಟರಿನ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರದ ಸುತ್ತಲಿನ ಜಾಗವನ್ನು ಬಿಳಿಯಿಂದ ಕಪ್ಪಿನವರೆಗೆ, ನಡುವೆ ಹಲವು ಬೂದುಗಳಲ್ಲಿ ಬದಲಿಸಿಕೊಳ್ಳಬಹುದು. ಅಂಗೈಯಗಲದ ಪರದೆಯಲ್ಲಿ ಚಿತ್ರ ಇನ್ನೂ ಚಿಕ್ಕದು, ಆವರಣದ ಪ್ರಭಾವ ಇನ್ನೂ ಹೆಚ್ಚು. ಈ ಆಯ್ಕೆ ಅಗತ್ಯವಾಗಿ ಬೇಕಾದದ್ದು ಅಲ್ಲಿಯೇ. ಬಿಳಿ, ನಡುಬೂದು, ಕಪ್ಪು ಎಂಬ ಮೂರು ಗುಂಡಿಗಳನ್ನು ತಿದ್ದುವ ಪುಟದಲ್ಲೇ ಕೊಡುವುದು ಆ್ಯಪ್ ಮಾಡುವವರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಉಪಾಯ ಸರಳ. ತಿದ್ದುವ ಮೊದಲು ಚಿತ್ರಕ್ಕೆ ಅಗಲವಾದ ನಡುಬೂದು ಚೌಕಟ್ಟನ್ನು ಕೂಡಿಸಿ, ಕೆಲಸ ಮುಗಿದ ಮೇಲೆ ಕತ್ತರಿಸಿ ತೆಗೆಯಬಹುದು. ಹಸಿರು, ಗುಲಾಬಿ ಮುಂತಾದ ಬಣ್ಣದ ಚೌಕಟ್ಟುಗಳು ಬೇಡ. ಹಸಿರಿನ ನಡುವೆ ಮೈಬಣ್ಣ ಕೆಂಪಿಗೆ ವಾಲಿದಂತೆ ಕಾಣುತ್ತದೆ. ರಾತ್ರಿ ಪರದೆಯನ್ನು ಹಳದಿಯಾಗಿಸುವ ಸೌಲಭ್ಯವನ್ನು ಆ ಹೊತ್ತಿಗೆ ನಿಲ್ಲಿಸಬೇಕು. ಕಾಗದಕ್ಕೆ ಹೋಗುವ ಚಿತ್ರವನ್ನು ಕೊನೆಯಲ್ಲಿ ಒಮ್ಮೆ ಬಿಳಿಯ ಮೇಲಿಟ್ಟು, ಸಾಧ್ಯವಾದರೆ ಹಗಲು ಹೊತ್ತಿನಲ್ಲಿ ನೋಡಬೇಕು.

ಇದು ಬರಿಯ ತಾಂತ್ರಿಕ ಸೂಕ್ಷ್ಮವೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಕಪ್ಪು ಮುಖವನ್ನು ಬೆಳ್ಳಗಾಗಿಸಿ ತೋರಿಸುವ ಚಾಳಿ ನಮ್ಮ ಸಮಾಜದಲ್ಲಿ ಮೊದಲೇ ಇದೆ. ಮದುವೆಯ ಆಲ್ಬಮ್‌ಗಳೇ ಸಾಕ್ಷಿ. ಬಿಳಿ ಹಿನ್ನೆಲೆ ಆ ಚಾಳಿಗೆ ಕಣ್ಣಿನ ಸಾಕ್ಷ್ಯವನ್ನೂ ಒದಗಿಸುತ್ತದೆ. ಕಪ್ಪು ಹಿನ್ನೆಲೆ ಅದೇ ಮುಖದ ಗೆರೆಗಳನ್ನು ಅಳಿಸಿಹಾಕುತ್ತದೆ. ಎರಡರಲ್ಲೂ ಹೆಚ್ಚು ನಷ್ಟವಾಗುವುದು ನಮ್ಮಂಥ ಕಂದು, ಕಪ್ಪು ಮೈಬಣ್ಣದವರಿಗೇ. ಮುಂದಿನ ತಲೆಮಾರು ನಮ್ಮ ಹಿರಿಯರನ್ನು ಗುರುತಿಸುವುದು ಈ ಚಿತ್ರಗಳಿಂದ. ಮುಖವನ್ನು ತಿದ್ದುವ ಮೊದಲು ಅದರ ಸುತ್ತಲಿನ ಬಣ್ಣವನ್ನು ತಿದ್ದುವುದು ಅವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ನ್ಯಾಯ.

ದೊಡ್ಡಮ್ಮನ ಚಿತ್ರವನ್ನು ಮೂರನೆಯ ಸಲ ಬೂದು ಚೌಕಟ್ಟಿನೊಳಗಿಟ್ಟು, ಹಗಲಿನಲ್ಲಿ ಕಿಟಕಿಯ ಪಕ್ಕ ಕುಳಿತು ತಿದ್ದಿದೆವು. ಮುಖದ ಬಣ್ಣವನ್ನು ಮುಟ್ಟಲೇ ಇಲ್ಲ. ಕಣ್ಣಿನ ಕೆಳಗಿನ ನೆರಳನ್ನಷ್ಟೇ ತುಸು ಎತ್ತಿದೆವು. ಅಮ್ಮ ಅದನ್ನು ಬಹಳ ಹೊತ್ತು ನೋಡಿ, ಏನೂ ಹೇಳದೆ, ಅದಕ್ಕೆ ಹಾಕಲು ಹೂ ಕಟ್ಟತೊಡಗಿದರು.