ಕೀಲಿಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಜಾಲಗಳು

2021ರ ಅಕ್ಟೋಬರ್ 4, ಸೋಮವಾರ. ರಾತ್ರಿ 9 ಗಂಟೆ ದಾಟುತ್ತಿದ್ದಂತೆ ವಾಟ್ಸ್‌ಆ್ಯಪ್ ಸಂದೇಶಗಳು ಇದ್ದಲ್ಲೇ ನಿಂತವು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳೂ ಕಣ್ಮರೆಯಾದವು. ಸುಮಾರು ಆರು ತಾಸು ಜಗತ್ತಿನಾದ್ಯಂತ ಇದೇ ಸ್ಥಿತಿ. ಯಾರೋ ದಾಳಿ ನಡೆಸಿದ್ದಾರೆ ಎಂಬ ಗುಮಾನಿ ಹಬ್ಬಿದ್ದು ಓದುಗರಿಗೆ ನೆನಪಿರಬಹುದು. ವಾಸ್ತವದಲ್ಲಿ ಅಲ್ಲಿ ದಾಳಿಕೋರನೇ ಇರಲಿಲ್ಲ.

ಗಣಕಗಳಿಗೆ ವಿಂಡೋಸ್, ಲಿನಕ್ಸ್ ಇರುವಂತೆ, ಜಾಲದ ಕವಲುದಾರಿಗಳಲ್ಲಿ ಕುಳಿತು ಮಾಹಿತಿಗೆ ದಾರಿ ತೋರುವ ರೂಟರ್‌ಗಳಿಗೂ ತಮ್ಮದೇ ಆದ ಕಾರ್ಯಾಚರಣ ತಂತ್ರಾಂಶವಿದೆ. ಸಿಸ್ಕೊ ಕಂಪನಿಯ ಐಒಎಸ್, ಜುನಿಪರ್‌ನ ಜುನೋಸ್ ಈ ಬಗೆಯವು. ಫೇಸ್‌ಬುಕ್ ತನ್ನ ಉಪಕರಣಗಳಿಗೆ ಸ್ವಂತ ತಂತ್ರಾಂಶವನ್ನೇ ಬರೆದುಕೊಂಡಿದೆ. ಸಾವಿರಾರು ಮೈಲಿ ದೂರದ ರೂಟರ್‌ಗೆ ಕುಳಿತಲ್ಲಿಂದಲೇ ಆದೇಶ ನೀಡಬಹುದಾದ ಸೌಲಭ್ಯ ಈ ತಂತ್ರಾಂಶಗಳ ದೊಡ್ಡ ಗುಣ. ಅಪಾಯ ಅಡಗಿರುವುದೂ ಅಲ್ಲಿಯೇ.

ಕಂಪನಿಯೇ ನೀಡಿದ ವಿವರಣೆಯಂತೆ, ಅಂದು ನಡೆದದ್ದು ದೈನಂದಿನ ನಿರ್ವಹಣಾ ಕೆಲಸ. ದತ್ತಾಂಶ ಕೇಂದ್ರಗಳನ್ನು ಬೆಸೆಯುವ ಬೆನ್ನೆಲುಬು ಜಾಲದ ಸಾಮರ್ಥ್ಯ ಅಳೆಯಲು ನೀಡಿದ ಆದೇಶವೊಂದು ಆ ಜಾಲದ ಎಲ್ಲ ಸಂಪರ್ಕಗಳನ್ನೂ ಕಡಿದುಹಾಕಿತು. ಇಂತಹ ಆದೇಶಗಳನ್ನು ತಡೆಯಬೇಕಿದ್ದ ಪರಿಶೋಧನಾ ತಂತ್ರಾಂಶದಲ್ಲಿಯೇ ದೋಷವಿತ್ತು. ಕೇಂದ್ರಗಳ ಸಂಪರ್ಕ ಸಿಗದೆ ಹೋದಾಗ, ಫೇಸ್‌ಬುಕ್‌ನ ವಿಳಾಸಗಳನ್ನು ಜಗತ್ತಿಗೆ ತಿಳಿಸುವ ಡಿಎನ್ಎಸ್ ಸರ್ವರ್‌ಗಳು ತಾವೇ ಅಸ್ವಸ್ಥವೆಂದು ಭಾವಿಸಿ, ತಮ್ಮತ್ತ ಬರುವ ದಾರಿಯ ಪ್ರಕಟಣೆಯನ್ನು ಹಿಂಪಡೆದವು.

ಇಷ್ಟೇ ಆಗಿದ್ದರೆ ಅರ್ಧ ತಾಸಿನಲ್ಲಿ ಸರಿಪಡಿಸಬಹುದಿತ್ತೇನೋ. ಆದರೆ ದುರಸ್ತಿಗೆ ಬೇಕಾದ ಒಳಗಿನ ಸಾಧನಗಳು ಕೂಡ ಅದೇ ಡಿಎನ್ಎಸ್ ಅನ್ನು ನೆಚ್ಚಿಕೊಂಡಿದ್ದವು. ಪರ್ಯಾಯವಾಗಿ ಇಟ್ಟುಕೊಂಡಿದ್ದ ಪ್ರತ್ಯೇಕ ಜಾಲವೂ ಕೈಕೊಟ್ಟಿತು. ಎಂಜಿನಿಯರುಗಳನ್ನು ಕೇಂದ್ರಗಳಿಗೇ ಕಳುಹಿಸಬೇಕಾಯಿತು. ಅಲ್ಲಿ ಕಳ್ಳರಿಗೆಂದು ಕಟ್ಟಿದ್ದ ಭದ್ರತೆ ಮನೆಯವರನ್ನೇ ತಡೆಯಿತು! ಒಳಗೆ ಹೋದ ಮೇಲೂ, ಕೈಗೆ ಸಿಕ್ಕರೂ ಸುಲಭವಾಗಿ ತಿದ್ದಲಾಗದಂತೆ ರೂಪಿಸಿದ ಉಪಕರಣಗಳೊಡನೆ ಗುದ್ದಾಡಬೇಕಾಯಿತು.

ಕೆನಡಾದ ರೋಜರ್ಸ್ ದೂರಸಂಪರ್ಕ ಕಂಪನಿಯ ಕಥೆ ಇನ್ನೂ ಗಂಭೀರ. 2022ರ ಜುಲೈ 8ರ ನಸುಕಿನಲ್ಲಿ, ಏಳು ಹಂತಗಳ ಉನ್ನತೀಕರಣದ ಆರನೆಯ ಹಂತದಲ್ಲಿ ರೂಟರ್ ಒಂದರ ಸೋಸುವ ನಿಯಮವನ್ನು ತೆಗೆಯಲಾಯಿತು. ದಾರಿಗಳ ಮಾಹಿತಿ ಪ್ರವಾಹದಂತೆ ನುಗ್ಗಿ ಜಾಲದ ತಿರುಳಿನಲ್ಲಿದ್ದ ರೂಟರ್‌ಗಳು ಕುಸಿದವು. ಒಂದು ಕೋಟಿ 20 ಲಕ್ಷಕ್ಕೂ ಅಧಿಕ ಗ್ರಾಹಕರ ಸಂಪರ್ಕ ಕಡಿಯಿತು. ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ಪಾವತಿ ನಿಂತಿತು. ಅನೇಕರಿಗೆ 911 ತುರ್ತು ಕರೆಯೇ ಸಿಗಲಿಲ್ಲ. ಜಾಲ ನಿರ್ವಹಿಸುವ ಮಾರ್ಗ ಅದೇ ಬಿದ್ದುಹೋದ ಜಾಲದ ಮೇಲಿದ್ದುದರಿಂದ ದೋಷದ ದಾಖಲೆ ನೋಡಲೂ ಎಂಜಿನಿಯರುಗಳಿಗೆ ಆಗಲಿಲ್ಲ. ಪರಸ್ಪರ ಮಾತಾಡೋಣವೆಂದರೆ ಅವರ ಮೊಬೈಲ್‌ಗಳೂ ರೋಜರ್ಸ್‌ನವೇ.

ಈ ಪ್ರಕರಣದ ಸ್ವತಂತ್ರ ತನಿಖಾ ವರದಿಯಲ್ಲಿ ಒಂದು ಅಂಶ ವಿಶೇಷವಾಗಿ ಗಮನಾರ್ಹ. ಮೊದಲ ಹಂತಗಳು ಸುಸೂತ್ರವಾಗಿ ನಡೆದವೆಂಬ ಕಾರಣಕ್ಕೆ, ಆರಂಭದಲ್ಲಿ 'ಹೆಚ್ಚು' ಎಂದಿದ್ದ ಅಪಾಯದ ಮಟ್ಟವನ್ನು ನಂತರ 'ಕಡಿಮೆ' ಎಂದು ಇಳಿಸಲಾಗಿತ್ತು. ಐದು ಬಾರಿ ಹೊಳೆ ದಾಟಿದವನು ಆರನೆಯ ಬಾರಿ ಆಳ ನೋಡುವುದಿಲ್ಲ. ತಂತ್ರಜ್ಞಾನದ ಸೋಲಿಗಿಂತ ಇದು ಆಡಳಿತದ ಸೋಲು ಎನ್ನಬೇಕು.

ಆಸ್ಟ್ರೇಲಿಯಾದ ಆಪ್ಟಸ್ ಕಂಪನಿ ಇದರಿಂದ ಪಾಠ ಕಲಿತಂತೆ ಕಾಣಲಿಲ್ಲ. 2023ರ ನವೆಂಬರ್ 8ರಂದು ಅದರ ಸುಮಾರು 90 ರೂಟರ್‌ಗಳು ಸುರಕ್ಷತಾ ಮಿತಿ ಮೀರಿತೆಂದು ತಾವಾಗಿಯೇ ಜಾಲದಿಂದ ಕಳಚಿಕೊಂಡವು. ಸಿಬ್ಬಂದಿ ಹಲವು ಕಡೆ ಖುದ್ದಾಗಿ ತೆರಳಿ ಅವನ್ನು ಮರಳಿ ಜೋಡಿಸಬೇಕಾಯಿತು. ಅದೇ ತಿಂಗಳು ಕಂಪನಿಯ ಮುಖ್ಯಸ್ಥೆ ರಾಜೀನಾಮೆ ನೀಡಿದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷದಿಂದ 85 ಲಕ್ಷ ವಿಂಡೋಸ್ ಗಣಕಗಳು ಸ್ತಬ್ಧವಾದಾಗಲೂ ಇದೇ ಸಂಕಟ. ದೋಷಪೂರಿತ ಕಡತವನ್ನು ಕಂಪನಿ ಒಂದೂವರೆ ತಾಸಿನೊಳಗೆ ಹಿಂಪಡೆಯಿತು; ಆದರೆ ಅಷ್ಟರಲ್ಲಿ ಕೆಟ್ಟಿದ್ದ ಬಹುಪಾಲು ಗಣಕಗಳ ಮುಂದೆ ಒಬ್ಬೊಬ್ಬರು ಕುಳಿತೇ ಅದನ್ನು ಅಳಿಸಬೇಕಾಯಿತು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ಇದರ ಬಿಸಿ ತಟ್ಟಿತು. ದೇಶದ ಕೆಲವೆಡೆ ಪ್ರಯಾಣಿಕರ ಕೈಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಬಂತು.

ಪರಿಹಾರ ಹೊಸದೇನಲ್ಲ. ನಿರ್ವಹಣೆಗೆಂದೇ ಬೇರೊಂದು ಕಂಪನಿಯ ತಂತಿಯಲ್ಲಿ ಪ್ರತ್ಯೇಕ ಮಾರ್ಗವಿರಬೇಕೆಂಬುದು ಈ ವೃತ್ತಿಯ ಹಳೆಯ ಪಾಠ. ಆದರೆ ಆ ಮಾರ್ಗ ವರ್ಷವಿಡೀ ಖಾಲಿ ಬಿದ್ದಿರುತ್ತದೆ. ವೆಚ್ಚ ಕಡಿತದ ಸಭೆಯಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಅದೇ. ಉಳಿಸಿಕೊಂಡವರೂ ಅದನ್ನು ಪರೀಕ್ಷಿಸುವುದು ಅಪರೂಪ. ಫೇಸ್‌ಬುಕ್ ಆಗಾಗ ಅಣಕು ವಿಪತ್ತುಗಳನ್ನು ಸೃಷ್ಟಿಸಿ ತಾಲೀಮು ನಡೆಸುತ್ತಿತ್ತಾದರೂ, ಇಡೀ ಬೆನ್ನೆಲುಬು ಜಾಲವೇ ಕುಸಿಯುವ ಸಂದರ್ಭದ ತಾಲೀಮು ನಡೆದಿರಲಿಲ್ಲವೆಂದು ಅದೇ ಒಪ್ಪಿಕೊಂಡಿತು.

ಪಹಣಿ, ನೋಂದಣಿ, ಪಡಿತರ ಎಲ್ಲವೂ ಜಾಲದ ಮೇಲೇರಿರುವ ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬುದು ಇಲ್ಲಿನ ಸರ್ಕಾರಿ ಕಚೇರಿಗಳ ಚಿರಪರಿಚಿತ ನುಡಿ. ಕೆಟ್ಟದ್ದು ಸರ್ವರೋ, ತಂತಿಯೋ, ತಾಲ್ಲೂಕು ಕಚೇರಿಯ ರೂಟರೋ ಎಂಬುದು ಸರದಿಯಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಆದರೆ ಗುತ್ತಿಗೆ ನೀಡುವ ಇಲಾಖೆಗೆ ತಿಳಿದಿರಬೇಕು. ಮುಖ್ಯ ಜಾಲ ಬಿದ್ದಾಗ ಅದನ್ನು ತಲುಪುವ ಎರಡನೆಯ ದಾರಿ ಯಾವುದು, ಅದನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಜಿಲ್ಲೆಯಲ್ಲಿ ರೂಟರ್ ಮುಟ್ಟಬಲ್ಲವರು ಎಷ್ಟು ಮಂದಿ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಟೆಂಡರ್‌ನಲ್ಲಿಯೂ ಕೇಳಿ, ಉತ್ತರವನ್ನು ಸಾರ್ವಜನಿಕರ ಮುಂದಿಡಲು ಹೆಚ್ಚಿನ ಖರ್ಚೇನೂ ಇಲ್ಲ.