ಪುಕ್ಕಟೆ ಲ್ಯಾಪ್‌ಟಾಪಿನ ಬೆಲೆ ಎಷ್ಟು?

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು’ ಎಂಬ ಗಾದೆ ನಮ್ಮಲ್ಲಿದೆ. ದಾನವಾಗಿ ಬಂದುದನ್ನು ಅಳೆದು ನೋಡುವುದು ಸಣ್ಣತನ ಎಂಬುದು ಅದರ ಇಂಗಿತ. ದಾನದ ಮಟ್ಟಿಗೆ ಈ ಮಾತು ಸರಿ. ಆದರೆ ಮಾರುಕಟ್ಟೆಯಲ್ಲಿ ದಾನವಿಲ್ಲ, ಮಾರಾಟವಿದೆ. ಆದುದರಿಂದ ವರ್ತಕನಾದವನು ದಟ್ಟಿಯನ್ನು ಹಿತ್ತಲಿಗೆ ಒಯ್ಯುವ ಅವಶ್ಯಕತೆಯಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆಯೇ ಮೊಳ ಹಾಕಬಹುದು, ಹಾಕಲೇಬೇಕು.

ಈ ಮಾತನ್ನು ಬರೆಯಲು ಕಾರಣವಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಘಟಕ ನಡೆಸುವ ನನ್ನ ಕಕ್ಷಿದಾರರೊಬ್ಬರು ಇತ್ತೀಚೆಗೆ ಕಚೇರಿಗೆ ಬಂದರು. ಕೈಯಲ್ಲಿ ಒಂದು ಬಣ್ಣದ ಕರಪತ್ರ. “ಸಾಹೇಬ್ರ, ಎರಡು ವರ್ಷಕ್ಕ ಬ್ರಾಡ್‌ಬ್ಯಾಂಡ್ ತಗೊಂಡ್ರ ಲ್ಯಾಪ್‌ಟಾಪ್ ಪುಕ್ಕಟೆ ಅಂತ್ರಿ. ತಗೊಂಡು ಬಿಡ್ಲೇನ್ರಿ?” ಎಂದು ಕೇಳಿದರು. ಕಬ್ಬಿಣದ ಕಿಲೋ ಬೆಲೆಯಲ್ಲಿ ಐವತ್ತು ಪೈಸೆ ಏರಿದರೆ ಮೂರು ಕಡೆ ವಿಚಾರಿಸುವ ಮನುಷ್ಯ ಅವರು. ‘ಪುಕ್ಕಟೆ’ ಎಂಬ ಒಂದು ಪದ ಅಂಥವರ ಲೆಕ್ಕದ ಬುದ್ಧಿಯನ್ನೂ ಕ್ಷಣಕಾಲ ಮಂಕಾಗಿಸಿತ್ತು.

ಹಳೆಯ ಆಟ, ಹೊಸ ಅಂಗಳ

ಸಂಪರ್ಕದ ಕರಾರಿನೊಂದಿಗೆ ಯಂತ್ರವನ್ನು ಕಟ್ಟಿ ಮಾರುವ ಪದ್ಧತಿ ಹೊಸದಲ್ಲ. 1999ರಲ್ಲಿ ಅಮೆರಿಕದಲ್ಲಿ ಕಂಪ್ಯೂಸರ್ವ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಕಂಪ್ಯೂಟರ್ ಕೊಳ್ಳುವವರಿಗೆ 400 ಡಾಲರ್ ರಿಯಾಯಿತಿ ಘೋಷಿಸಿದವು. ಅಗ್ಗದ ಕಂಪ್ಯೂಟರಿನ ಬೆಲೆ ಆಗ ಹೆಚ್ಚುಕಡಿಮೆ ಅಷ್ಟೇ ಇದ್ದುದರಿಂದ ಜನರು ಇದನ್ನು ಉಚಿತ ಕಂಪ್ಯೂಟರೆಂದೇ ತಿಳಿದರು. ಷರತ್ತು ಒಂದೇ: ತಿಂಗಳಿಗೆ 21.95 ಡಾಲರಿನಂತೆ ಮೂರು ವರ್ಷ ಅಂತರ್ಜಾಲ ಚಂದಾ ಕಟ್ಟಬೇಕು. ಗುಣಿಸಿದರೆ 790 ಡಾಲರ್. 2000ದಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಇಂಥ ಜಾಹೀರಾತುಗಳಲ್ಲಿ ಪೂರ್ಣ ವೆಚ್ಚವನ್ನು ಸ್ಪಷ್ಟವಾಗಿ ತಿಳಿಸಿಲ್ಲವೆಂದು ಮೂರು ಮಾರಾಟ ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡು ಅವುಗಳಿಂದ ಒಪ್ಪಂದ ಬರೆಸಿಕೊಂಡಿತು. 2008ರ ಸುಮಾರಿಗೆ ಬ್ರಿಟನ್ನಿನ ಮೊಬೈಲ್ ಕಂಪೆನಿಗಳು ದೀರ್ಘಾವಧಿಯ ಬ್ರಾಡ್‌ಬ್ಯಾಂಡ್ ಕರಾರಿನ ಜೊತೆಗೆ ‘ಉಚಿತ’ ಲ್ಯಾಪ್‌ಟಾಪ್ ನೀಡತೊಡಗಿದವು. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಏಸರ್ ಕಂಪೆನಿಯ ಚಿಕ್ಕ ಲ್ಯಾಪ್‌ಟಾಪ್ 99 ಡಾಲರಿಗೆ ದೊರೆಯಿತು. ಆದರೆ ತಿಂಗಳಿಗೆ 60 ಡಾಲರಿನ ಎರಡು ವರ್ಷದ ಕರಾರು ಅದಕ್ಕೆ ಅಂಟಿಕೊಂಡಿತ್ತು. ಚಂದಾ ಮೊತ್ತವೇ 1,440 ಡಾಲರ್.

ನಮ್ಮ ದೇಶದಲ್ಲಿಯೂ 2017ರಲ್ಲಿ ಜಿಯೋಫೋನ್ 1,500 ರೂಪಾಯಿಗಳ ಠೇವಣಿಯ ಮೇಲೆ ಬಂದಿತು. ಮೂರು ವರ್ಷದ ನಂತರ ಠೇವಣಿ ಹಿಂದಿರುಗುವುದರಿಂದ ಫೋನು ಉಚಿತವೇ ಸರಿ ಎಂಬ ವಾದವಿತ್ತು. ಶೇ 8ರ ಬಡ್ಡಿ ಹಿಡಿದರೆ, ಮೂರು ವರ್ಷದ ನಂತರ ಕೈಸೇರುವ 1,500 ರೂಪಾಯಿಗೆ ಇಂದಿನ ಬೆಲೆ ಸುಮಾರು 1,190 ರೂಪಾಯಿ. ಉಳಿದ 310 ರೂಪಾಯಿ ಫೋನಿನ ಬೆಲೆಯ ಒಂದು ಭಾಗ. ಇದು ದೊಡ್ಡ ಮೊತ್ತವಲ್ಲ, ಹಲವರಿಗೆ ಲಾಭದ ವ್ಯವಹಾರವೇ ಆಗಿರಬಹುದು. ಆದರೆ ಶೂನ್ಯವಂತೂ ಅಲ್ಲ.

ಮಾರುವವನ ಖಾತೆಪುಸ್ತಕದಲ್ಲಿ ‘ಪುಕ್ಕಟೆ’ ಇಲ್ಲ

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ದೊಡ್ಡ ಕಂಪೆನಿಗಳು 2018ರ ಏಪ್ರಿಲ್ 1ರಿಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನಕವನ್ನು ಅನುಸರಿಸುತ್ತಿವೆ. ಒಂದೇ ಕರಾರಿನಲ್ಲಿ ಯಂತ್ರ ಮತ್ತು ಸೇವೆ ಎರಡನ್ನೂ ಕೊಟ್ಟರೆ, ಗ್ರಾಹಕನಿಂದ ಬರುವ ಒಟ್ಟು ಹಣವನ್ನು ಎರಡಕ್ಕೂ ಅವುಗಳ ಪ್ರತ್ಯೇಕ ಮಾರಾಟ ಬೆಲೆಯ ಪ್ರಮಾಣದಲ್ಲಿ ಹಂಚಬೇಕೆಂಬುದು ಅದರ ನಿಯಮ. ಅಂದರೆ ಕರಪತ್ರದಲ್ಲಿ ಉಚಿತವೆಂದು ಸಾರಿದ ಲ್ಯಾಪ್‌ಟಾಪನ್ನು ಕಂಪೆನಿಯು ತನ್ನ ಪುಸ್ತಕದಲ್ಲಿ ಮಾರಾಟವೆಂದೇ ಜಮಾ ಮಾಡಿಕೊಳ್ಳುತ್ತದೆ. ಮಾರುವವನು ಮಾರಾಟವೆಂದು ಬರೆದುಕೊಂಡದ್ದನ್ನು ಕೊಳ್ಳುವವನು ಕಾಣಿಕೆಯೆಂದು ಬರೆದುಕೊಳ್ಳುವುದು ಎಂಥ ಲೆಕ್ಕ?

ಜಿ.ಎಸ್.ಟಿ.ಯ ದೃಷ್ಟಿಯೂ ಇದೇ. 2019ರ ಮಾರ್ಚ್ 7ರ 92ನೆಯ ಸುತ್ತೋಲೆಯಲ್ಲಿ, ‘ಒಂದು ಕೊಂಡರೆ ಒಂದು ಉಚಿತ’ ಎಂಬುದು ಉಚಿತ ಪೂರೈಕೆಯಲ್ಲ, ಒಂದೇ ಬೆಲೆಗೆ ಎರಡು ವಸ್ತುಗಳ ಪೂರೈಕೆ ಎಂದು ವಿವರಿಸಲಾಗಿದೆ.

ಲೆಕ್ಕ ಹಾಕುವ ಬಗೆ

ನನ್ನ ಕಕ್ಷಿದಾರರಿಗೆ ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ. ತಮ್ಮ ಮುಂದಿರುವ ಕರಪತ್ರದ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಲ್ಯಾಪ್‌ಟಾಪ್ ಸಹಿತ ಕರಾರಿನ ತಿಂಗಳ ಶುಲ್ಕ 2,499 ರೂಪಾಯಿ, ಅವಧಿ 24 ತಿಂಗಳು ಎನ್ನೋಣ. ಅದೇ ವೇಗದ ಸಂಪರ್ಕ ಲ್ಯಾಪ್‌ಟಾಪ್ ಇಲ್ಲದೆ 999 ರೂಪಾಯಿಗೆ ದೊರೆಯುತ್ತದೆ. ವ್ಯತ್ಯಾಸ ತಿಂಗಳಿಗೆ 1,500 ರೂಪಾಯಿ. 24 ತಿಂಗಳಿಗೆ 36,000 ರೂಪಾಯಿ. ಇದೇ ಪುಕ್ಕಟೆ ಲ್ಯಾಪ್‌ಟಾಪಿನ ಬೆಲೆ. ಅದೇ ಮಾದರಿ ಅಂಗಡಿಯಲ್ಲಿ ನಗದು 30,000 ರೂಪಾಯಿಗೆ ಸಿಗುವುದಾದರೆ, ತಾವು 30,000 ರೂಪಾಯಿ ಸಾಲ ಪಡೆದು 1,500ರ ಇಪ್ಪತ್ನಾಲ್ಕು ಕಂತುಗಳಲ್ಲಿ ತೀರಿಸಿದಂತಾಯಿತು. ಇದರೊಳಗೆ ಅಡಗಿರುವ ಬಡ್ಡಿ ತಿಂಗಳಿಗೆ ನೂರಕ್ಕೆ ಸುಮಾರು ಒಂದೂವರೆ ರೂಪಾಯಿ, ಅಂದರೆ ವರ್ಷಕ್ಕೆ ಸುಮಾರು ಶೇ 18. ಬ್ಯಾಂಕಿನ ಓವರ್‌ಡ್ರಾಫ್ಟ್ ಶೇ 12ಕ್ಕೆ ದೊರೆಯುವ ವರ್ತಕನಿಗೆ ಇದು ದುಬಾರಿ. ಆ ದರದಲ್ಲಿ ಅದೇ ಸಾಲದ ಕಂತು ಸುಮಾರು 1,412 ರೂಪಾಯಿ ಮಾತ್ರ.

ಈ ಲೆಕ್ಕದ ಬುಡದಲ್ಲಿರುವುದು ಲ್ಯಾಪ್‌ಟಾಪಿನ ನಿಜವಾದ ಮಾರುಕಟ್ಟೆ ಬೆಲೆ. ಕರಪತ್ರದಲ್ಲಿ ‘30,000 ರೂಪಾಯಿ ಮೌಲ್ಯದ’ ಎಂದು ಅಚ್ಚಾದ ಯಂತ್ರ ಪೇಟೆಯಲ್ಲಿ 22,000ಕ್ಕೆ ದೊರೆಯುತ್ತಿದ್ದರೆ ಅದೇ ಕರಾರಿನ ಬಡ್ಡಿ ತಿಂಗಳಿಗೆ ನೂರಕ್ಕೆ ನಾಲ್ಕು ರೂಪಾಯಿಗೂ ಮೀರುತ್ತದೆ. ಕೈಸಾಲಕ್ಕೆ ಆ ದರ ಕೇಳುವವನ ಮುಖವನ್ನು ನಾವು ಎರಡನೆಯ ಸಲ ನೋಡುವುದಿಲ್ಲ. ಆದುದರಿಂದ ಮಾದರಿಯ ಪೂರ್ಣ ಹೆಸರು ಮತ್ತು ಸಂಖ್ಯೆಯನ್ನು ಬರೆದುಕೊಂಡು ಕನಿಷ್ಠ ಎರಡು ಅಂಗಡಿಗಳಲ್ಲಿ ಬೆಲೆ ವಿಚಾರಿಸುವುದು ಮೊದಲ ಕರ್ತವ್ಯ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ವ್ಯತ್ಯಾಸದ ಮೊತ್ತ 1,500ರ ಬದಲು 1,300 ಇದ್ದರೆ ಇದೇ ಕರಾರು ಬ್ಯಾಂಕ್ ಸಾಲಕ್ಕಿಂತ ಅಗ್ಗ. ಸಾವಿರಾರು ಯಂತ್ರಗಳನ್ನು ಒಟ್ಟಿಗೆ ಕೊಳ್ಳುವ ಕಂಪೆನಿಗೆ ಸಗಟು ದರ ದೊರೆಯುವುದರಿಂದ ಇದು ಅಸಾಧ್ಯವೇನಲ್ಲ. ಹೊಸದಾಗಿ ಅಂಗಡಿ ತೆರೆದು, ಇದ್ದ ಹಣವನ್ನೆಲ್ಲ ಸರಕಿನಲ್ಲಿ ತೊಡಗಿಸಿರುವ ಯುವಕನಿಗೆ ಇಂಥ ಕೊಡುಗೆ ನಿಜವಾದ ನೆರವಾಗಬಹುದು. ‘ಉಚಿತ’ ಎಂದೊಡನೆ ಮೋಸವೆಂದು ತಿಳಿಯುವುದೂ ಲೆಕ್ಕವಲ್ಲ.

ತೆರಿಗೆಯ ಬದಿ

ಬ್ರಾಡ್‌ಬ್ಯಾಂಡ್ ಸೇವೆ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಜಿ.ಎಸ್.ಟಿ. ದರ ಶೇ 18. ಆದುದರಿಂದ ದರದಲ್ಲಿ ಹೆಚ್ಚುಕಡಿಮೆಯಿಲ್ಲ. ವ್ಯತ್ಯಾಸ ಬರುವುದು ಜಮೆಯಲ್ಲಿ. ನಮ್ಮ ಅನೇಕ ವರ್ತಕರು ಅಂಗಡಿಯ ಸಂಪರ್ಕವನ್ನು ಮನೆಯವರ ಹೆಸರಿನಲ್ಲಿ, ಜಿ.ಎಸ್.ಟಿ. ಸಂಖ್ಯೆ ಕೊಡದೆ ಪಡೆದಿರುತ್ತಾರೆ. ಮೇಲಿನ ಉದಾಹರಣೆಯಲ್ಲಿ ಎರಡು ವರ್ಷದ ತೆರಿಗೆ ಸುಮಾರು 10,796 ರೂಪಾಯಿ. ಬಿಲ್ಲಿನಲ್ಲಿ ಸಂಸ್ಥೆಯ ಸಂಖ್ಯೆ ಇಲ್ಲದಿದ್ದರೆ ಇನ್‌ಪುಟ್ ತೆರಿಗೆ ಜಮೆಯಾಗಿ ಇದು ಹಿಂದೆ ಬರುವುದಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಹೇಗೂ ಜಮೆ ಇಲ್ಲ. ಅವರು ತೆರಿಗೆಯನ್ನೂ ಸೇರಿಸಿಯೇ ಲೆಕ್ಕ ಮಾಡಬೇಕು.

ಆದಾಯ ತೆರಿಗೆಯಲ್ಲಿ ಕಂಪ್ಯೂಟರಿನ ಸವಕಳಿ ದರ 2017-18ರ ಆರ್ಥಿಕ ವರ್ಷದಿಂದ ಶೇ 60ರಿಂದ ಶೇ 40ಕ್ಕೆ ಇಳಿಯಿತು. ನಗದು ಕೊಟ್ಟು ಕೊಂಡ ಯಂತ್ರಕ್ಕೆ ಈ ಸವಕಳಿ ದೊರೆಯುತ್ತದೆ. ಉಚಿತವೆಂದು ಬಂದ ಯಂತ್ರಕ್ಕೆ ಬಿಲ್ಲಿನಲ್ಲಿ ಬೆಲೆಯೇ ಇಲ್ಲದಿದ್ದರೆ ಸವಕಳಿ ಕೇಳಲು ಆಧಾರವಿಲ್ಲ. ತಿಂಗಳ ಶುಲ್ಕವನ್ನು ವ್ಯವಹಾರದ ವೆಚ್ಚವಾಗಿ ತೋರಿಸಬೇಕಾಗುತ್ತದೆ. ಇದರಿಂದ ನಷ್ಟವೇ ಆಗಬೇಕೆಂದಿಲ್ಲ. ಆದರೆ ಯಂತ್ರ ಯಾರ ಸ್ವತ್ತು, ಕರಾರು ಮುಗಿಯುವವರೆಗೆ ಕಂಪೆನಿಯದೋ, ಮೊದಲ ದಿನದಿಂದ ನಮ್ಮದೋ ಎಂಬುದು ಕಾಗದದಲ್ಲಿ ಸ್ಪಷ್ಟವಾಗಿರಬೇಕು.

ಇದರೊಂದಿಗೆ ಮತ್ತೊಂದು ಬಗೆಯ ಪುಕ್ಕಟೆಯನ್ನು ಬೆರೆಸಬಾರದು. ಮಾರಾಟದ ಗುರಿ ಮುಟ್ಟಿದ್ದಕ್ಕೆ ತಯಾರಕರು ವಿತರಕರಿಗೆ ಕೊಡುವ ಲ್ಯಾಪ್‌ಟಾಪ್, ಟಿ.ವಿ., ಚಿನ್ನದ ನಾಣ್ಯ ಮೊದಲಾದುವು ವ್ಯವಹಾರದಿಂದ ಬಂದ ಲಾಭಗಳು. ವರ್ಷಕ್ಕೆ 20,000 ರೂಪಾಯಿ ಮೀರಿದರೆ ಅವುಗಳ ಮೇಲೆ ಶೇ 10ರಷ್ಟು ತೆರಿಗೆ ಕಡಿತವಾಗಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿದೆ. ಅದನ್ನು ಆದಾಯವೆಂದು ತೋರಿಸದೆ ಮನೆಗೆ ಒಯ್ದವರಿಗೆ ನೋಟೀಸು ಬಂದಾಗ ಆಶ್ಚರ್ಯವಾಗಬಾರದು.

ಲೆಕ್ಕಕ್ಕೆ ಸಿಗದ ವೆಚ್ಚ

ಇಷ್ಟು ಅಂಕಿಗಳ ನಂತರವೂ ಬಹುಮುಖ್ಯವಾದ ವೆಚ್ಚ ಹೊರಗೇ ಉಳಿದಿದೆ. ಅದು ಕಟ್ಟಿಬೀಳುವ ವೆಚ್ಚ.

ನನ್ನ ಇನ್ನೊಬ್ಬ ಕಕ್ಷಿದಾರರು, ಬಿಡಿಭಾಗಗಳ ವರ್ತಕರು, ಇಂಥ ಕರಾರಿಗೆ ಸಹಿ ಮಾಡಿದ್ದರು. ಹತ್ತು ತಿಂಗಳಾಗುವಷ್ಟರಲ್ಲಿ ಅಂಗಡಿ ಸ್ಥಳಾಂತರಿಸಬೇಕಾಯಿತು. ಹೊಸ ಬೀದಿಯಲ್ಲಿ ಆ ಕಂಪೆನಿಯ ತಂತಿಯೇ ಇರಲಿಲ್ಲ. ಸಂಪರ್ಕ ಬೇಡವೆಂದಾಗ, ಉಳಿದ ಹದಿನಾಲ್ಕು ತಿಂಗಳ ಶುಲ್ಕವನ್ನು ಒಮ್ಮೆಗೇ ಕಟ್ಟಬೇಕೆಂದು ಪತ್ರ ಬಂದಿತು. ಆ ಷರತ್ತು ಕರಾರಿನ ನಾಲ್ಕನೆಯ ಪುಟದಲ್ಲಿತ್ತು. ಅವರು ಸಹಿ ಮಾಡಿದ್ದು ಮೊದಲ ಪುಟ ಓದಿ. ಕೆಲವು ಪತ್ರವ್ಯವಹಾರದ ನಂತರ ಮೊತ್ತ ಸ್ವಲ್ಪ ಇಳಿಯಿತೇ ಹೊರತು ಮನ್ನಾ ಆಗಲಿಲ್ಲ. ಸಹಿಯ ಮೊದಲು ನನ್ನಲ್ಲಿಗೆ ಬಂದಿದ್ದರೆ ಎಂದು ನಾನು ಹೇಳಲಾರೆ. ಅದರ ಹಿಂದಿನ ತಿಂಗಳು ಬೇರೆ ಕೆಲಸಕ್ಕೆ ಬಂದಾಗ ಅವರು ಕರಪತ್ರ ತೋರಿಸಿದ್ದರು. ರಿಟರ್ನಿನ ಗಡಿಬಿಡಿಯಲ್ಲಿ ನಾನು “ಪರವಾಗಿಲ್ಲ, ನೋಡಿ” ಎಂದು ಹೇಳಿ ಕಳಿಸಿದ್ದೆ. ಈ ಲೇಖನಕ್ಕೆ ಆ ನೆನಪೂ ಒಂದು ಕಾರಣ.

ಎರಡನೆಯದು ಕಾಲದ ವೆಚ್ಚ. ನಮ್ಮ ದೇಶದಲ್ಲಿ 2004ರ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್. 2023ರಲ್ಲಿ ಆ ಕನಿಷ್ಠ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ವೇಗ ಏರುತ್ತಾ ದರ ಇಳಿಯುತ್ತಾ ಬಂದಿರುವ ಸರಕಿಗೆ ಎರಡು ವರ್ಷದ ಬೆಲೆಯನ್ನು ಇಂದೇ ನಿಗದಿ ಮಾಡಿಕೊಳ್ಳುವುದು, ಬೆಲೆ ಇಳಿಯುವ ಕಾಲದಲ್ಲಿ ಗೋದಾಮು ತುಂಬಿಕೊಂಡಂತೆ.

ಮೂರನೆಯದು ಸೇವೆಯ ವೆಚ್ಚ. ತಿಂಗಳ 20ನೆಯ ತಾರೀಖಿನಂದು ತಂತಿ ಕಡಿದು 3ಬಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಮೇಲೆ ಬಡ್ಡಿ. ಇ-ವೇ ಬಿಲ್ ಹುಟ್ಟದಿದ್ದರೆ ತುಂಬಿದ ಲಾರಿ ಅಂಗಳದಲ್ಲಿಯೇ ನಿಲ್ಲುತ್ತದೆ. ವ್ಯಾಪಾರಿಗೆ ಬೇಕಾದ ವಸ್ತು ಕಡಿಯದ ತಂತಿ. ಲ್ಯಾಪ್‌ಟಾಪ್ ಅದರ ನಂತರದ್ದು. ಕಳಪೆ ಸೇವೆಯನ್ನು ಮರುದಿನವೇ ಬಿಡಬಲ್ಲ ಸ್ವಾತಂತ್ರ್ಯಕ್ಕೂ ಒಂದು ಬೆಲೆಯಿದೆ; ಪುಕ್ಕಟೆ ಲ್ಯಾಪ್‌ಟಾಪಿಗಾಗಿ ನಾವು ಅದನ್ನು ಮಾರಿಬಿಡುತ್ತೇವೆ.

ಕಾನೂನಿನ ಆಸರೆ ಎಷ್ಟು?

ಬೆಲೆಯೊಳಗೇ ಪೂರ್ತಿಯಾಗಿಯೋ ಭಾಗಶಃವಾಗಿಯೋ ವಸೂಲಾಗುವ ವಸ್ತುವನ್ನು ಉಚಿತವೆಂಬ ಭಾವನೆ ಮೂಡಿಸಿ ಕೊಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. 2022ರ ಜೂನ್‌ನಲ್ಲಿ ಹೊರಬಂದ ಜಾಹೀರಾತು ಮಾರ್ಗಸೂಚಿಗಳೂ ‘ಉಚಿತ’ ಪದದ ಬಳಕೆಗೆ ಮಿತಿ ಹಾಕಿವೆ. ಆದರೆ ನಮ್ಮ ಸದಸ್ಯರು ಒಂದು ವಿಷಯ ಮರೆಯಬಾರದು. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಈ ಕಾಯಿದೆಯಡಿ ‘ಗ್ರಾಹಕ’ನಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡವನಿಗೆ ಮಾತ್ರ ವಿನಾಯಿತಿಯಿದೆ. ಹತ್ತು ಜನ ನೌಕರರಿರುವ ಘಟಕದ ಹೆಸರಿನಲ್ಲಿ ಸಹಿ ಮಾಡಿದವರಿಗೆ ಗ್ರಾಹಕ ಆಯೋಗದ ಬಾಗಿಲು ತೆರೆಯುತ್ತದೆಂಬ ಭರವಸೆಯಿಲ್ಲ. ಅವರಿಗೆ ಕರಾರಿನ ಕಾಗದವೇ ರಕ್ಷೆ.

ಸಹಿಗೆ ಮುನ್ನ ಐದು ಪ್ರಶ್ನೆಗಳು

1. ಲ್ಯಾಪ್‌ಟಾಪ್ ಇಲ್ಲದೆ ಇದೇ ವೇಗದ ಸಂಪರ್ಕಕ್ಕೆ ತಿಂಗಳಿಗೆ ಎಷ್ಟು? ವ್ಯತ್ಯಾಸವನ್ನು ತಿಂಗಳುಗಳಿಂದ ಗುಣಿಸಿದರೆ ಎಷ್ಟು?

2. ಅದೇ ಮಾದರಿಯ ಇಂದಿನ ನಗದು ಬೆಲೆ ಎಷ್ಟು? ಅಡಗಿರುವ ಬಡ್ಡಿ ನನ್ನ ಬ್ಯಾಂಕ್ ಬಡ್ಡಿಗಿಂತ ಹೆಚ್ಚೋ ಕಡಿಮೆಯೋ?

3. ಖಾತರಿ ಅವಧಿ ಕರಾರಿನಷ್ಟೇ ದೀರ್ಘವಾಗಿದೆಯೇ? ಒಂದು ವರ್ಷದ ಖಾತರಿ, ಎರಡು ವರ್ಷದ ಕಂತು ಎಂದರೆ ಕೆಟ್ಟ ಯಂತ್ರಕ್ಕೂ ಹಣ ಕಟ್ಟಬೇಕಾದೀತು.

4. ಸ್ಥಳಾಂತರವಾದರೆ, ಸೇವೆ ಕೆಟ್ಟರೆ, ಅಂಗಡಿ ಮುಚ್ಚಿದರೆ ಬಿಡುಗಡೆಯ ವೆಚ್ಚವೇನು?

5. ಬಿಲ್ಲು ಯಾರ ಹೆಸರಿನಲ್ಲಿ, ಯಾವ ಜಿ.ಎಸ್.ಟಿ. ಸಂಖ್ಯೆಗೆ? ಯಂತ್ರ ಯಾರ ಸ್ವತ್ತು?

ಗೋಕುಲ ರಸ್ತೆಯ ನನ್ನ ಕಕ್ಷಿದಾರರು ಈ ಐದನ್ನೂ ಬರೆದುಕೊಂಡು ಹೋದರು. ಮರುವಾರ ಫೋನು ಮಾಡಿ, ನಾಲ್ಕನೆಯ ಪ್ರಶ್ನೆಗೆ ಮಾರಾಟ ಪ್ರತಿನಿಧಿಯಿಂದ ಲಿಖಿತ ಉತ್ತರ ಬರಲಿಲ್ಲವೆಂದೂ, ಲ್ಯಾಪ್‌ಟಾಪನ್ನು ಪೇಟೆಯಲ್ಲಿಯೇ ಕೊಂಡೆನೆಂದೂ ತಿಳಿಸಿದರು.

ಕೊನೆಯದಾಗಿ ನಮ್ಮವರಿಗೇ ಒಂದು ಮಾತು. ನಮ್ಮ ಅಂಗಡಿಗಳ ಮುಂದೆಯೂ ಹಬ್ಬಕ್ಕೊಮ್ಮೆ ‘ಉಚಿತ’ ಫಲಕ ತೂಗುತ್ತದೆ. ಪರರ ಕರಪತ್ರಕ್ಕೆ ಹಾಕಿದ ಮೊಳವನ್ನು ನಮ್ಮ ಫಲಕಕ್ಕೂ ಹಾಕಿ ನೋಡಬೇಕು. ಕೊಡುಗೆಯ ಬೆಲೆ ಎಲ್ಲಿ ಅಡಗಿದೆಯೆಂದು ಗಿರಾಕಿ ಕೇಳಿದಾಗ ನೇರವಾಗಿ ಉತ್ತರಿಸಬಲ್ಲ ವರ್ತಕನೇ, ತಾನು ಕೊಳ್ಳುವಾಗಲೂ ಅದೇ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬಲ್ಲ.